ಮೈಬಲವೂ ಒಂದು ಬಂಡವಾಳ

ತುಮಕೂರಿನ ಶಿರಾ ಗೇಟ್ ಕಡೆ ಲಾರಿಗೆ ಮೂಟೆ ಹೇರುವ ಹಮಾಲರನ್ನು ಕಂಡವರಿಗೆ ಒಂದು ಪ್ರಶ್ನೆ ಏಳಬೇಕು. ಭಾರ ಎತ್ತಿದರೆ ಸ್ನಾಯು ಬೆಳೆಯುವುದು ನಿಜವಾದರೆ, ವರ್ಷವಿಡೀ ಹೊರೆ ಹೊರುವ ಇವರ ತೋಳು ತೊಡೆಗಳು ಬೆಳೆಯುತ್ತಲೇ ಏಕೆ ಹೋಗುವುದಿಲ್ಲ? ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವ ಹುಡುಗನ ಮೈ ಏಕೆ ಹುರಿಗೊಳ್ಳುತ್ತದೆ?

ಉತ್ತರವಿರುವುದು ದೇಹದ ಮಿತವ್ಯಯದಲ್ಲಿ. ಸ್ನಾಯುವನ್ನು ಪೋಷಿಸುವುದು ದುಬಾರಿ ಬಾಬತ್ತು. ಅಗತ್ಯ ಕಾಣದೆ ದೇಹ ಅದರಲ್ಲಿ ಹೊಸದಾಗಿ ಹೂಡಿಕೆ ಮಾಡದು. ರೂಢಿಗಿಂತ ಹೆಚ್ಚಿನ ಭಾರ ಬಿದ್ದಾಗ ಸ್ನಾಯುತಂತುಗಳಲ್ಲಿ ಉಂಟಾಗುವ ಬಿಗಿತವೇ ಆ ಅಗತ್ಯದ ಸೂಚನೆ. ಆಗ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆ ಚುರುಕಾಗಿ, ಒಂದೆರಡು ದಿನ ಹಾಗೆಯೇ ಮುಂದುವರಿಯುತ್ತದೆ. ಇರುವ ತಂತುಗಳೇ ದಪ್ಪವಾಗುತ್ತವೆ. ಅವುಗಳ ಸಂಖ್ಯೆ ಹೆಚ್ಚುವುದು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಮಂಡಲದ ಕಲಿಕೆಯ ಫಲ. ಗಾತ್ರದ ಬೆಳವಣಿಗೆ ಕಣ್ಣಿಗೆ ಕಾಣುವುದು ಆಮೇಲೆ.

ಹಮಾಲರ ಮೂಟೆಯ ತೂಕ ನಿನ್ನೆಯಷ್ಟೇ ಇಂದೂ ಇರುತ್ತದೆ. ದೇಹ ಅದಕ್ಕೆ ಒಗ್ಗಿದ ಮೇಲೆ ಹೊಸ ಬೇಡಿಕೆಯೇ ಇಲ್ಲ. ಮೇಲಾಗಿ, ಬೆಳೆಯಲು ಬೇಕಾದ ವಿಶ್ರಾಂತಿ ಮತ್ತು ಪೌಷ್ಟಿಕ ಆಹಾರ ಅವರಿಗೆ ದಕ್ಕುವುದು ಅಪರೂಪ. ಭಾರವನ್ನು ಹಂತಹಂತವಾಗಿ ಏರಿಸುವ ವಿಧಾನದಿಂದ ಗಾಯಾಳು ಸೈನಿಕರ ಬಲ ಮರಳಿಸಿದ ಅನುಭವವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ಪ್ರಕಟಿಸಿದರು. ದಂಡ, ಬಸ್ಕಿಗಳ ಎಣಿಕೆ ಏರಿಸುತ್ತ ಹೋಗುವ ನಮ್ಮ ಗರಡಿಮನೆಗಳಿಗೂ ಈ ತತ್ವ ಅಪರಿಚಿತವಲ್ಲ. ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದಿದ್ದರು.

ಆದರೆ ಈ ವಿಚಾರ ಯುವಕರಿಗಿಂತ, ನನ್ನಂತೆ ಅರವತ್ತು ದಾಟಿದವರಿಗೆ ಹೆಚ್ಚು ಮುಖ್ಯವಾದುದು. ಮೂವತ್ತರ ನಂತರ ಪ್ರತಿ ದಶಕದಲ್ಲಿ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಸವಕಳಿ ಇನ್ನೂ ವೇಗ ಪಡೆಯುತ್ತದೆ. ನೆಲದಿಂದ ಏಳಲಾಗದಿರುವುದು, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುವುದು, ಅನಂತರದ ಪರಾವಲಂಬನೆ – ಇವುಗಳ ಹಿಂದೆ ಈ ಸವಕಳಿಯ ಪಾಲು ದೊಡ್ಡದು. ಬೆಳಗಿನ ವಾಯುವಿಹಾರ ಹೃದಯಕ್ಕೆ ಹಿತ, ನಿಜ. ಆದರೆ ತೊಡೆಯ ಸ್ನಾಯುವಿಗೆ ಅದು ಹೊಸ ಬೇಡಿಕೆಯನ್ನು ಒಡ್ಡುವುದಿಲ್ಲ.

ಇದು ವಯೋಧರ್ಮ, ಮಾಡುವುದೇನೂ ಇಲ್ಲ ಎನ್ನುವಂತಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸರಾಸರಿ 90 ವರ್ಷದ, ಆರೈಕೆ ಕೇಂದ್ರದಲ್ಲಿದ್ದ ಹತ್ತು ವೃದ್ಧರಿಗೆ ಎಂಟು ವಾರ ಭಾರದ ತರಬೇತಿ ಕೊಡಲಾಯಿತು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು, ತೊಡೆಯ ಸ್ನಾಯು ಶೇ 9ರಷ್ಟು ವೃದ್ಧಿಸಿತು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ವಯಸ್ಕರಿಗೂ ಸಲಹೆ ನೀಡಿದೆ.

ಇದಕ್ಕೆ ಡಬ್ಬಿಯ ಪುಡಿ ಬೇಡ. ಅಂಥ ಪುಡಿಗಳಿಂದ ದೂರವಿರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೇ ಹೇಳಿದೆ. ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಹುರುಳಿ, ಕಡಲೆಕಾಯಿಗಳ 100 ಗ್ರಾಂನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ ಮಾತ್ರ. ಮುದ್ದೆಯ ಜೊತೆಗಿನ ಹುರುಳಿಸಾರು ಗಟ್ಟಿಯಾಗಿರಬೇಕಾದುದು ಇದಕ್ಕೇ.

ಬಿ.ಪಿ., ಮಧುಮೇಹದ ತಪಾಸಣೆಗೆ ಆರೋಗ್ಯ ಕೇಂದ್ರಕ್ಕೆ ಬರುವ ಹಿರಿಯರನ್ನು ಕೈ ಊರದೆ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹೇಳಿದರೆ ಕಾಲಿನ ಬಲ ತಿಳಿಯುತ್ತದೆ. ಆ ಬಲ ಕುಂದಿದವರಿಗೆ ವಾರಕ್ಕೆರಡು ದಿನ ಕ್ರಮಬದ್ಧ ವ್ಯಾಯಾಮ ಕಲಿಸಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಏರ್ಪಾಟಾಗಲಿ. ಸೊಂಟದ ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಇದು ಚಿಲ್ಲರೆ ಕಾಸು.