ಸಿಗ್ನಲ್ ಬಂದಿದೆ, ಅಕ್ಷರ ತಪ್ಪಿದೆ: ನಾಲ್ಕು ಚಾನೆಲ್‌ಗಳ ರಿಸೀವರನ್ನು ಕನ್ನಡದಲ್ಲಿ ಹೊಂದಿಸುವುದು

ಗಡಿನಾಡ ಕನ್ನಡದ ಈ ವಿಚಾರ ಸಂಕಿರಣದಲ್ಲಿ ನಾನು ಕಾಸರಗೋಡಿನ ಕವಿಯೊಬ್ಬರ ಬಗ್ಗೆ ಮಾತಾಡ್ತೇನೆ ಅಂತ ನೀವು ನಿರೀಕ್ಷಿಸಿರಬಹುದು. ನಾನು ಮಾತಾಡುವುದು ಒಂದು ಚಿಪ್‌ನ ಬಗ್ಗೆ. ಕನ್ನಡ ಎಂ.ಎ. ಓದುವವಳಿಗೆ ಇದೆಂತಕ್ಕೆ ಅಂತ ಕೇಳಿದರೆ, ಕಾರಣ ನನ್ನ ಅಕ್ಕ.

ಅಕ್ಕನೂ ನಾನೂ ಕಾಸರಗೋಡಿನಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಮುಂದೆ ಅವಳು ಎಲೆಕ್ಟ್ರಾನಿಕ್ಸ್ ಕಲಿತು ಬೆಂಗಳೂರಿನ ಒಂದು ಕಂಪನಿಯಲ್ಲಿ ಬೋರ್ಡ್ ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಮೊದಲ ವರ್ಷವೇ ಒಂದು ಬೋರ್ಡಿನಲ್ಲಿ ದೋಷ ಕಾಣಿಸಿತು. ಎಲ್ಲಿ ತಪ್ಪಿದೆ ಅಂತ ಅವಳಿಗೆ ಅಂದಾಜಿತ್ತು. ಆದರೆ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಹೇಳಲು ಹೊರಟವಳು ಅರ್ಧಕ್ಕೇ ನಿಂತಳು. ಎರಡು ದಿನ ಉಳಿದವರು ಬೇರೆ ಕಡೆ ಹುಡುಕಿದರು. ಆ ರಾತ್ರಿ ಫೋನಿನಲ್ಲಿ, “ನಂಗೆ ಗೊತ್ತಿತ್ತು ಮಾರಾಯ್ತಿ, ಹೇಳ್ಲಿಕ್ಕೆ ಬರ್ಲಿಲ್ಲ. ಕೆಲಸ ಬಿಟ್ಟು ಊರಿಗೆ ಬರ್ತೇನೆ” ಅಂದಳು. “ಬರುವುದು ಆಮೇಲೆ. ಮೊದಲು ನಂಗೆ ಕನ್ನಡದಲ್ಲಿ ಹೇಳು” ಅಂದೆ. ಆಗ ನಾನು ಬರೆದುಕೊಂಡ ಟಿಪ್ಪಣಿಯೇ ಈ ಪ್ರಬಂಧ.

ಮೊದಲು ಚಿಪ್ ಏನು ಮಾಡ್ತದೆ ಅಂತ ನೋಡೋಣ. ಅದು ಟ್ರಾನ್ಸೀವರ್. ಬಿಟ್‌ಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಕಳಿಸುತ್ತದೆ, ಹಾಗೆಯೇ ಪಡೆಯುತ್ತದೆ. ಅಕ್ಕನ ಬೋರ್ಡಿನಲ್ಲಿ ಇದ್ದದ್ದು 2002ರ ಐಇಇಇ 802.3ಎಇ ಮಾನಕದಲ್ಲಿ ಬರುವ ಎಕ್ಸ್‌ಎಯುಐ ಎಂಬ ವ್ಯವಸ್ಥೆ. ಅದರಲ್ಲಿ ನಾಲ್ಕು ಚಾನೆಲ್‌ಗಳು, ಒಂದೊಂದರ ವೇಗ ಸೆಕೆಂಡಿಗೆ 3.125 ಗಿಗಾಬಿಟ್. ಒಟ್ಟು 12.5 ಆಗ್ತದೆ. 8 ಬಿಟ್ ಕಳಿಸಲು 10 ಬಿಟ್ ಖರ್ಚಾಗುವುದರಿಂದ ನಿಜವಾಗಿ ಸಾಗುವ ಮಾಹಿತಿ 10 ಗಿಗಾಬಿಟ್. ಒಂದು ಬಿಟ್‌ನ ಆಯುಷ್ಯ 320 ಪಿಕೋಸೆಕೆಂಡ್. ಅಷ್ಟರಲ್ಲಿ ಸಿಗ್ನಲ್ ಬೋರ್ಡಿನ ತಾಮ್ರದ ಗೆರೆಯಲ್ಲಿ ಸುಮಾರು 5 ಸೆಂಟಿಮೀಟರ್ ಮಾತ್ರ ಹೋಗಿರುತ್ತದೆ.

ಈ ರಿಸೀವರಿನಲ್ಲಿ ಹೊಂದಿಸಬೇಕಾದ ಸೆಟ್ಟಿಂಗ್‌ಗಳು ಬಹಳ ಇವೆ. ಅಕ್ಕ ಅವನ್ನು ಹೆಸರುಗಳಿಂದ ಹೇಳಿದಾಗ ನನಗೆ ಒಂದೂ ತಲೆಗೆ ಹೋಗಲಿಲ್ಲ. “ಹೆಸರು ಬೇಡ, ಅದು ಎಂತ ಮಾಡ್ತದೆ ಹೇಳು” ಅಂದೆ. ಆಗ ಆರು ಕ್ರಿಯಾಪದಗಳು ಸಿಕ್ಕಿದವು: ಹೀರು, ಎತ್ತು, ಹಿಡಿ, ತಿರುಗಿಸು, ಬಿಡಿಸು, ಕಾಯು. ಇವುಗಳ ಕ್ರಮ ಮುಖ್ಯ. ಹಿಂದಿನದ್ದು ಸರಿಯಾಗದೆ ಮುಂದಿನದ್ದನ್ನು ಮುಟ್ಟಬಾರದು.

ಇವೆಲ್ಲಕ್ಕೂ ಮುಂಚೆ ವೇಗ ಹೊಂದಬೇಕು. 156.25 ಮೆಗಾಹರ್ಟ್ಸ್‌ನ ಆಧಾರ ಕ್ಲಾಕನ್ನು ಚಿಪ್ 20 ಪಟ್ಟು ಮಾಡಿಕೊಳ್ಳುತ್ತದೆ. ಇದನ್ನು ಮಾಡುವ ಭಾಗ ಎಷ್ಟೋ ಚಿಪ್‌ಗಳಲ್ಲಿ ನಾಲ್ಕು ಚಾನೆಲ್‌ಗಳಿಗೂ ಒಂದೇ. ಅದನ್ನು ಬದಲಾಯಿಸಿದರೆ ನಾಲ್ಕೂ ಅಲುಗುತ್ತವೆ. ರಿಸೀವರಿನ ಸೆಟ್ಟಿಂಗ್‌ಗಳು ಹಾಗಲ್ಲ, ಸಾಮಾನ್ಯವಾಗಿ ಚಾನೆಲ್‌ಗೊಂದು ಪ್ರತ್ಯೇಕ. ಒಂದಕ್ಕೆ ಬರೆಯಬೇಕಾದ್ದನ್ನು ನಾಲ್ಕಕ್ಕೂ ಬರೆದುಬಿಟ್ಟರೆ ಸರಿ ಇದ್ದ ಮೂರೂ ಕೆಡುತ್ತವೆ.

ಹೀರು. ಸಿಗ್ನಲ್ ಬರುವುದು ಎರಡು ತಂತಿಗಳ ಜೋಡಿಯಲ್ಲಿ. ಜೋಡಿಯ ಕೊನೆಯಲ್ಲಿ 100 ಓಮ್ ಟರ್ಮಿನೇಶನ್ ಇರಬೇಕು. ಅದು ಬಂದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಒಂದಷ್ಟು ಸಿಗ್ನಲ್ ಮರಳಿ ಹೋಗಿ, ಪ್ರತಿಧ್ವನಿಯ ಹಾಗೆ ಮುಂದಿನ ಬಿಟ್‌ಗಳ ಮೇಲೆ ಬೀಳುತ್ತದೆ.

ಎತ್ತು. ಬೋರ್ಡಿನಲ್ಲಿ ಹೋಗುವಾಗ ವೇಗವಾಗಿ ಬದಲಾಗುವ ಭಾಗ ಹೆಚ್ಚು ಸೊರಗುತ್ತದೆ, ನಿಧಾನದ್ದು ಅಷ್ಟು ಸೊರಗುವುದಿಲ್ಲ. ಈಕ್ವಲೈಸರ್ ಸೊರಗಿದ ಭಾಗವನ್ನಷ್ಟೇ ಎತ್ತಿಕೊಡುತ್ತದೆ. ಇದು ವಾಲ್ಯೂಮ್ ಹೆಚ್ಚಿಸಿದ ಹಾಗಲ್ಲ. ಹೆಚ್ಚು ಎತ್ತಿದರೆ ಗದ್ದಲವೂ ಪಕ್ಕದ ಚಾನೆಲ್‌ನ ಸೋರಿಕೆಯೂ ಜೊತೆಗೆ ಏಳುತ್ತವೆ. ಗೆರೆ ಗಿಡ್ಡವಾಗಿದ್ದರೆ ಕಡಿಮೆ, ಉದ್ದವಾಗಿದ್ದರೆ ಹೆಚ್ಚು. ನಾಲ್ಕು ಗೆರೆಗಳ ಉದ್ದ ಬೇರೆ ಬೇರೆ ಇದ್ದರೆ ನಾಲ್ಕು ಸೆಟ್ಟಿಂಗ್‌ಗಳೂ ಬೇರೆ ಬೇರೆ ಆಗಬಹುದು.

ಹಿಡಿ. ಕ್ಲಾಕ್ ಬೇರೆ ತಂತಿಯಲ್ಲಿ ಬರುವುದಿಲ್ಲ. ಬಿಟ್‌ಗಳು 0ಯಿಂದ 1ಕ್ಕೆ, 1ರಿಂದ 0ಗೆ ಜಿಗಿಯುವ ಹೊತ್ತನ್ನು ನೋಡಿಯೇ ರಿಸೀವರ್ ಲಯ ಹಿಡಿಯಬೇಕು. ಯಕ್ಷಗಾನದ ಚೌಕಿಯಲ್ಲಿ ಕೂತವನು ರಂಗಸ್ಥಳ ಕಾಣದಿದ್ದರೂ ಚೆಂಡೆಯ ಪೆಟ್ಟಿನಲ್ಲೇ ತಾಳ ಹಿಡಿಯುತ್ತಾನಲ್ಲ, ಹಾಗೆ. ಪೆಟ್ಟೇ ಬೀಳದಿದ್ದರೆ ತಾಳ ತಪ್ಪುತ್ತದೆ. ಅದಕ್ಕಾಗಿಯೇ ಐಬಿಎಂನ ವಿಡ್ಮರ್ ಮತ್ತು ಫ್ರಾನಸೆಕ್ 1983ರಲ್ಲಿ ಪ್ರಕಟಿಸಿದ 8ಬಿ/10ಬಿ ಸಂಕೇತದಲ್ಲಿ ಒಂದೇ ಬಿಟ್ ಸತತವಾಗಿ 5ಕ್ಕಿಂತ ಹೆಚ್ಚು ಬಾರಿ ಬರುವುದಿಲ್ಲ.

ತಿರುಗಿಸು. ಜೋಡಿಯ ಎರಡು ತಂತಿಗಳಲ್ಲಿ ಒಂದು ಧನ, ಒಂದು ಋಣ. ಬೋರ್ಡಿನಲ್ಲಿ ಅವು ಅದಲುಬದಲಾದರೆ 0 ಎಲ್ಲ 1, 1 ಎಲ್ಲ 0. ಗೆರೆ ಎಳೆಯಲು ಸುಲಭ ಅಂತ ಬೇಕೆಂದೇ ಹಾಗೆ ಮಾಡುವುದೂ ಇದೆ. ಅದನ್ನು ಸರಿಪಡಿಸಲು ಚಾನೆಲ್‌ಗೊಂದು ಪೊಲಾರಿಟಿ ಬಿಟ್ ಇರುತ್ತದೆ.

ಬಿಡಿಸು. ಬಿಟ್‌ಗಳ ಸಾಲಿನಲ್ಲಿ ಅಕ್ಷರ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಬರೆದಿರುವುದಿಲ್ಲ. ನಮಗೆ ಇದು ಹೊಸತಲ್ಲ. ಪದಗಳ ನಡುವೆ ಜಾಗವಿಲ್ಲದ ಹಳೆಯ ಶಾಸನ ಓದುವಾಗ ನಾವೂ ಪದಚ್ಛೇದ ಮಾಡಬೇಕು. ಇಲ್ಲಿ ಗುರುತಿಗೆಂದು ಕೆ28.5 ಎಂಬ ವಿಶೇಷ ಅಕ್ಷರ ಬರುತ್ತದೆ, 0011111010 ಅಥವಾ 1100000101. ಅದನ್ನು ಕಂಡ ಕಡೆ ರಿಸೀವರ್ ಗಡಿ ಹಾಕಿ ಹತ್ತು ಹತ್ತಾಗಿ ಬಿಡಿಸುತ್ತದೆ.

ಕಾಯು. ನಾಲ್ಕು ಚಾನೆಲ್‌ಗಳೂ ಒಂದೇ ಗಳಿಗೆಯಲ್ಲಿ ತಲುಪುವುದಿಲ್ಲ. ಮುಂಚೆ ಬಂದದ್ದು ಬಫರಿನಲ್ಲಿ ಕಾಯಬೇಕು. ನಾಲ್ಕರಲ್ಲೂ ಕೆ28.3 ಎಂಬ ಅಕ್ಷರ ಒಂದೇ ಸಾಲಿಗೆ ಬಂದಾಗ ಜೋಡಣೆ ಮುಗಿಯಿತು. ಎರಡು ತುದಿಗಳ ಕ್ಲಾಕ್‌ಗಳಲ್ಲಿ ತಲಾ 100 ಪಿಪಿಎಂ ವ್ಯತ್ಯಾಸಕ್ಕೆ ಅವಕಾಶ ಇದೆ. ಅತಿ ಹೆಚ್ಚೆಂದರೆ 5000 ಅಕ್ಷರಕ್ಕೊಂದು ಅಕ್ಷರ ಹೆಚ್ಚುಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಕೆ28.0 ಎಂಬ ಖಾಲಿ ಅಕ್ಷರವನ್ನು ಸೇರಿಸುವುದು ಅಥವಾ ತೆಗೆಯುವುದು.

ಈಗ ಅಕ್ಕನ ಬೋರ್ಡಿಗೆ ಬರುತ್ತೇನೆ. ಲಿಂಕ್ ಏರಿತ್ತು, ನಾಲ್ಕೂ ಚಾನೆಲ್ ಜೋಡಣೆಯಾಗಿದ್ದವು, ಸಂಕೇತದ ತಪ್ಪಿನ ಎಣಿಕೆ ಸೊನ್ನೆ. ಆದರೆ ಬಂದ ಪ್ಯಾಕೆಟ್‌ಗಳೆಲ್ಲ ಕೆಟ್ಟಿದ್ದವು, ಮೂರನೇ ಚಾನೆಲ್‌ನ ಬೈಟ್‌ಗಳು ತಪ್ಪಾಗಿದ್ದವು. ಸಿಗ್ನಲ್ ಸೊರಗಿದೆ ಅಂತ ಎಲ್ಲರೂ ಈಕ್ವಲೈಸರನ್ನು ಏರಿಸಿ ಇಳಿಸಿ ನೋಡಿದರು. ಏನೂ ಬದಲಾಗಲಿಲ್ಲ.

ಅಕ್ಕ ಹಿಡಿದ ಎಳೆ ಅದೇ. “ಎತ್ತಿದರೂ ಇಳಿಸಿದರೂ ಅಷ್ಟೇ ಇರುವ ತಪ್ಪು, ಸೊರಗಿದ್ದರಿಂದ ಆದ ತಪ್ಪಲ್ಲ.” ಕೆ28.5ರ ಎರಡು ರೂಪಗಳನ್ನು ಇನ್ನೊಮ್ಮೆ ನೋಡಿ. ಒಂದನ್ನು ತಿರುಗಿಸಿದರೆ ಇನ್ನೊಂದು. ಕೆ28.3, ಕೆ28.0 ಕೂಡ ಹಾಗೆಯೇ. ಅಂದರೆ ತಂತಿ ಅದಲುಬದಲಾದರೂ ಗುರುತಿನ ಅಕ್ಷರಗಳೆಲ್ಲ ಸರಿಯಾಗೇ ಕಾಣುತ್ತವೆ, ಲಯ ಸಿಗುತ್ತದೆ, ಗಡಿ ಸಿಗುತ್ತದೆ. ಮಾಹಿತಿಯ ಅಕ್ಷರಗಳಲ್ಲಿ ಮಾತ್ರ ಅನೇಕವು ಬೇರೊಂದು ಅಕ್ಷರವಾಗುತ್ತವೆ, ಅದೂ ನಿಯಮಬದ್ಧ ಅಕ್ಷರವೇ. ಪ್ಯಾಕೆಟ್‌ನ ಆರಂಭದಲ್ಲಿ ಬರಬೇಕಾದ ಹೆಕ್ಸ್ 55, ಮೂರನೇ ಚಾನೆಲ್‌ನಲ್ಲಿ ಹೆಕ್ಸ್ ಎಎ ಆಗಿ ಬರುತ್ತಿತ್ತು. ವ್ಯಾಕರಣ ಸರಿ, ಅರ್ಥ ತಪ್ಪು.

ಫೋನಿನಲ್ಲಿ ಇಷ್ಟು ಹೇಳಿ ಮುಗಿಸಿದಾಗ ಅವಳ ದನಿ ಬದಲಾಗಿತ್ತು. ಮರುದಿನ ಮೀಟಿಂಗಿನಲ್ಲಿ ಆರು ಕ್ರಿಯಾಪದಗಳನ್ನು ಆರು ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಹೇಳಿ, ನಾಲ್ಕನೆಯದರಲ್ಲಿ ನಿಂತಳು. ಮೂರನೇ ಚಾನೆಲ್‌ಗೆ ಮಾತ್ರ ಪೊಲಾರಿಟಿ ಬಿಟ್ ಹಾಕಿದರು. ಪ್ಯಾಕೆಟ್‌ಗಳು ಸರಿಯಾಗಿ ಬಂದವು. ಆದರೂ ಕೂಡಲೇ “ಆಯ್ತು” ಅನ್ನುವ ಹಾಗಿಲ್ಲ. ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಹೆಚ್ಚು ತಪ್ಪು ಇಲ್ಲ ಎಂದು 95 ಶೇಕಡಾ ಭರವಸೆಯಿಂದ ಹೇಳಬೇಕಾದರೆ ಒಂದು ಚಾನೆಲ್ 16 ನಿಮಿಷ ಒಂದೂ ತಪ್ಪಿಲ್ಲದೆ ಓಡಬೇಕು. ಹಾಗೆ ಓಡಿಸಿಯೇ ಅವರು ಎದ್ದದ್ದು.

ನಮ್ಮ ವಿಭಾಗಗಳಲ್ಲಿ ಕನ್ನಡಕ್ಕೆ ವಿಜ್ಞಾನ ತರುವುದು ಅಂದರೆ ಪಾರಿಭಾಷಿಕ ಪದಕೋಶ ಅನ್ನುವ ಅಭ್ಯಾಸ ಇದೆ. ಅದು ಬೇಕು. ಆದರೆ ಈಕ್ವಲೈಸರಿಗೆ ‘ಸಮೀಕಾರಕ’ ಅಂತ ಹೇಳಿದ್ದರೆ ಅಕ್ಕನಿಗೂ ನನಗೂ ಏನೂ ಬೆಳಗುತ್ತಿರಲಿಲ್ಲ. ಹೆಸರು ಎಲ್ಲಿಂದಾದರೂ ಬರಲಿ, ಅದು ಮಾಡುವ ಕೆಲಸವನ್ನು ಹೇಳುವ ಕ್ರಿಯಾಪದ ನಮ್ಮದಾದರೆ ಸಾಕು, ಯೋಚನೆ ಮುಂದೆ ಹೋಗ್ತದೆ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಲ್ಯಾಬಿನಲ್ಲಿ ಸುಮ್ಮನೆ ನಿಂತರೆ ಅವರಿಗೆ ಗೊತ್ತಿಲ್ಲ ಅಂತ ತಿಳಿಯಬೇಡಿ. ಸಿಗ್ನಲ್ ಬಂದಿರ್ತದೆ. ಎಲ್ಲಿ ತಿರುಗಿಸಬೇಕು ಅಂತ ನೋಡಬೇಕು, ಅಷ್ಟೇ.

ಅಕ್ಕ ಅದೇ ಕೆಲಸದಲ್ಲಿ ಇದ್ದಾಳೆ. ಇಷ್ಟು ಹೇಳಿ ಮುಗಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ನನಗೆ ತಿಳಿಯದ್ದನ್ನು ಅವಳ ಹತ್ತಿರ ಕೇಳಿ ಹೇಳ್ತೇನೆ.