ಹೊಳೆಯ ಮರಿಮೀನು ಎಣಿಸುವುದು ಹೇಗೆ?

ಹಟ್ಟಿಯ ಕುರಿ ಎಣಿಸಬಹುದು. ಬುಟ್ಟಿಯ ಮೊಟ್ಟೆ ಎಣಿಸಬಹುದು. ಹರಿಯುವ ಹೊಳೆಯ ಮೀನು ಎಣಿಸುವುದು ಹೇಗೆ? ಅದು ಒಂದು ಕಡೆ ನಿಲ್ಲೋದಿಲ್ಲ. ಕಣ್ಣಿಗೂ ಸರಿಯಾಗಿ ಕಾಣೋದಿಲ್ಲ. ಆದರೂ ಲೆಕ್ಕ ಹಾಕುವವರಿದ್ದಾರೆ. ಅವರ ಉಪಾಯ ಏನು? ನೋಡೋಣ ಬನ್ನಿ.

ಅಮೆರಿಕ ದೇಶದ ಪಶ್ಚಿಮ ಕರಾವಳಿಯಲ್ಲಿ ಆರೆಗನ್ ಎಂಬ ರಾಜ್ಯವಿದೆ. ಅಲ್ಲಿನ ಹಳ್ಳಗಳಲ್ಲಿ ಕೋಹೋ ಸಾಲ್ಮನ್ ಎಂಬ ಮೀನು ಹುಟ್ಟುತ್ತದೆ. ತಾಯಿಮೀನು ಹಳ್ಳದ ತಳದ ಸಣ್ಣ ಕಲ್ಲುಗಳ ನಡುವೆ ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಎರಡು-ಮೂರು ಸಾವಿರ ಮೊಟ್ಟೆ! ಮರಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಹಳ್ಳದಲ್ಲೇ ಬೆಳೀತವೆ. ನಮ್ಮ ಬೆರಳಿನಷ್ಟು ಉದ್ದವಾದಾಗ ಸಮುದ್ರಕ್ಕೆ ಹೋಗ್ತವೆ. ಅಲ್ಲಿ ಸುಮಾರು ಒಂದೂವರೆ ವರ್ಷ ಇದ್ದು ದೊಡ್ಡದಾಗ್ತವೆ. ಆಮೇಲೆ ಹೆಚ್ಚಿನವು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರ್ತವೆ. ಮೊಟ್ಟೆ ಇಟ್ಟು ಸಾಯ್ತವೆ.

ಹಿಂದೆ ಈ ಮೀನು ರಾಶಿ ರಾಶಿ ಬರ್ತಿತ್ತು. ಅಲ್ಲಿನ ಮೂಲ ನಿವಾಸಿಗಳಿಗೆ ಸಾಲ್ಮನ್ ಮುಖ್ಯ ಆಹಾರವಾಗಿತ್ತು. ಬರಬರುತ್ತಾ ಮೀನು ಕಡಿಮೆಯಾಯಿತು. 1998ರಲ್ಲಿ ಅಮೆರಿಕ ಸರ್ಕಾರ ಆರೆಗನ್ ಕರಾವಳಿಯ ಕೋಹೋ ಮೀನನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಡುವೆ ಪಟ್ಟಿಯಿಂದ ತೆಗೆದು, 2008ರಲ್ಲಿ ಮತ್ತೆ ಸೇರಿಸಿತು.

ಮರಿಗಳನ್ನು ಯಾಕೆ ಎಣಿಸಬೇಕು?

ಮರಳಿ ಬಂದ ದೊಡ್ಡ ಮೀನು ಎಣಿಸಿದರೆ ಸಾಲದೇ? ಸಾಲದು. ಮೀನು ಕಡಿಮೆ ಬಂತು ಅನ್ನಿ. ತೊಂದರೆ ಆದದ್ದು ಹೊಳೆಯಲ್ಲೋ, ಸಮುದ್ರದಲ್ಲೋ? ತಿಳಿಯೋದಿಲ್ಲ.

ಮರಿಗಳ ಲೆಕ್ಕ ಇದ್ದರೆ ತಿಳಿಯುತ್ತೆ. ಮರಿ ಬಹಳ ಹೋಗಿ, ಮರಳಿ ಬಂದದ್ದು ಕಡಿಮೆಯಾದರೆ ಸಮುದ್ರದಲ್ಲಿ ತೊಂದರೆ. ತಾಯಿಮೀನು ಸಾಕಷ್ಟು ಬಂದಿದ್ದೂ ಹೋದ ಮರಿ ಕಡಿಮೆಯಾದರೆ ಹೊಳೆಯಲ್ಲೇ ತೊಂದರೆ. ದಡದ ಮರ ಕಡಿದರೆ ನೆರಳು ಹೋಗಿ ನೀರು ಬಿಸಿಯಾಗುತ್ತೆ. ಮಣ್ಣು ಕೊಚ್ಚಿ ಬಂದು ಮೊಟ್ಟೆಯ ಮೇಲೆ ಕೂರುತ್ತೆ. ಆಗ ಮರಿಗಳು ಉಳಿಯೋದು ಕಷ್ಟ. ನೋವು ಎಲ್ಲಿ ಅಂತ ತಿಳಿಯದೆ ಮದ್ದು ಕೊಡೋಕಾಗುತ್ತಾ?

ಹುಣಸೆ ಬೀಜದ ಲೆಕ್ಕ

ಎಲ್ಲ ಮರಿಗಳನ್ನೂ ಹಿಡಿದು ಎಣಿಸಲು ಆಗದು. ಅದಕ್ಕೊಂದು ಉಪಾಯ ಇದೆ. ಮನೆಯಲ್ಲೇ ಮಾಡಿ ನೋಡೋಣ.

ಒಂದು ಗಡಿಗೆಯಲ್ಲಿ ಹುಣಸೆ ಬೀಜ ಇದೆ. ಎಷ್ಟಿದೆ ಗೊತ್ತಿಲ್ಲ. 40 ಬೀಜ ತೆಗೆಯಿರಿ. ಒಂದೊಂದಕ್ಕೂ ಸುಣ್ಣದ ಬೊಟ್ಟು ಇಡಿ. ಒಣಗಿದ ಮೇಲೆ ಗಡಿಗೆಗೆ ಹಾಕಿ ಚೆನ್ನಾಗಿ ಕಲಸಿ. ಈಗ ನೋಡದೆ 50 ಬೀಜ ತೆಗೆಯಿರಿ. ಅದರಲ್ಲಿ ಬೊಟ್ಟಿನ ಬೀಜ 10 ಇವೆ ಅನ್ನಿ. ಅಂದರೆ ಐದು ಬೀಜಕ್ಕೆ ಒಂದು ಬೊಟ್ಟಿನ ಬೀಜ. ಇಡೀ ಗಡಿಗೆಯಲ್ಲಿ ಬೊಟ್ಟಿನ ಬೀಜ 40. ಹಾಗಾದರೆ ಒಟ್ಟು ಬೀಜ 40ರ ಐದರಷ್ಟು, ಸುಮಾರು 200.

ಹೊಳೆಯಲ್ಲೂ ಇಂಥದೇ ಲೆಕ್ಕ

ಮರಿಗಳು ಸಮುದ್ರಕ್ಕೆ ಹೊರಡೋದು ವಸಂತ ಕಾಲದಲ್ಲಿ. ಆಗ ಹೊಳೆಯಲ್ಲಿ ಒಂದು ಬೋನು ತೇಲಿಬಿಡ್ತಾರೆ. ಅದು ಎಣ್ಣೆ ಹೊಯ್ಯುವ ಲಾಳಿಕೆಯ ಆಕಾರದಲ್ಲಿರುತ್ತೆ, ಆದರೆ ಬಹಳ ದೊಡ್ಡದು. ನೀರಿನ ಸೆಳೆತಕ್ಕೆ ತಿರುಗುತ್ತೆ. ಒಳಗೆ ಬಂದ ಮರಿಗಳು ಹಿಂದಿನ ಪೆಟ್ಟಿಗೆಯಲ್ಲಿ ಜೀವಂತವಾಗಿ ಸೇರ್ತವೆ.

ಕೆಲಸದವರು ಬಂದು ಎಣಿಸ್ತಾರೆ. ಕೆಲವು ಮರಿಗಳ ಈಜುರೆಕ್ಕೆಯ ತುದಿಯನ್ನು ಚೂರೇ ಚೂರು ಕತ್ತರಿಸಿ ಗುರುತು ಮಾಡ್ತಾರೆ. ಅವನ್ನು ಬೋನಿಗಿಂತ ಮೇಲ್ಗಡೆ ಒಯ್ದು ಹೊಳೆಗೆ ಬಿಡ್ತಾರೆ. ಉಳಿದವನ್ನು ಕೆಳಗಡೆ ಬಿಡ್ತಾರೆ.

ಗುರುತಿನ 100 ಮರಿ ಬಿಟ್ಟರು, 20 ಮತ್ತೆ ಬೋನಿಗೆ ಬಿದ್ದವು ಅನ್ನಿ. ಅಂದರೆ ಐದರಲ್ಲಿ ಒಂದು ಮರಿ ಬೋನಿಗೆ ಬೀಳುತ್ತೆ. ಅದೇ ವಾರ ಗುರುತಿಲ್ಲದ ಮರಿ 300 ಸಿಕ್ಕವು. ಹಾಗಾದರೆ ಹೊಳೆಯಲ್ಲಿ ಇಳಿದು ಬಂದ ಮರಿಗಳು ಸುಮಾರು 1,500.

ಇಲ್ಲಿ ಎಚ್ಚರ ಬೇಕು. ಗುರುತಿನ ಮರಿ ದಾರಿಯಲ್ಲಿ ಸತ್ತರೆ ಬೋನಿಗೆ ಬರೋದು ಕಡಿಮೆಯಾಗುತ್ತೆ. ಆಗ ಇರುವುದಕ್ಕಿಂತ ಹೆಚ್ಚು ಮೀನು ಇದೆ ಅಂತ ಲೆಕ್ಕ ತೋರಿಸುತ್ತೆ. ಹೊಳೆಯ ನೀರು ಏರಿಳಿದರೂ ಲೆಕ್ಕ ಬದಲಾಗುತ್ತೆ. ಅದಕ್ಕೇ ಗುರುತು ಮಾಡಿ ಬಿಡುವ ಕೆಲಸವನ್ನು ಮತ್ತೆ ಮತ್ತೆ ಮಾಡ್ತಾರೆ.

ಅಂದಾಜು ಅಂದರೆ ಬಾಯಿಗೆ ಬಂದದ್ದು ಹೇಳೋದಲ್ಲ. ಕಂಡದ್ದನ್ನು ಎಣಿಸಿ ಕಾಣದ್ದನ್ನು ತಿಳಿಯುವುದೇ ಅಂದಾಜು.

ನೀವೇ ಲೆಕ್ಕ ಮಾಡಿ:
ಗುರುತಿನ 40 ಮರಿ ಬಿಟ್ಟರು. 10 ಮತ್ತೆ ಬೋನಿಗೆ ಬಿದ್ದವು. ಗುರುತಿಲ್ಲದ ಮರಿ 200 ಸಿಕ್ಕವು. ಹೊಳೆಯಲ್ಲಿ ಇಳಿದು ಬಂದ ಮರಿಗಳು ಸುಮಾರು ಎಷ್ಟು?
(ಉತ್ತರ: 800)