'ಆ ಊರಿನ ಜನರೇ ಹಾಗೆ' ಎನ್ನುವ ಮೊದಲು

ದೇಶ ಸುತ್ತಿ ಬಂದವರ ಮಾತು ಬಹುಪಾಲು ಒಂದೇ ಜಾಡು ಹಿಡಿಯುತ್ತದೆ. ಇಂದೋರಿನವರಿಗೆ ಶಿಸ್ತಿದೆ, ಮಲಯಾಳಿಗಳಿಗೆ ಓದಿನ ಹಸಿವಿದೆ, ದಿಲ್ಲಿಯವರು ಒರಟರು, ನಮ್ಮ ಬೆಂಗಳೂರಿನವರಿಗೆ ಮಾತ್ರ ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ. ರೈಲಿಳಿದು ಆಟೊ ಹತ್ತಿ ಲಾಡ್ಜ್ ಸೇರುವಷ್ಟರಲ್ಲಿ ಒಂದು ಊರಿನ ಸ್ವಭಾವ ತೀರ್ಮಾನವಾಗಿರುತ್ತದೆ. ಫೆಬ್ರುವರಿಯಲ್ಲಿ ಕಂಡ ದಿಲ್ಲಿಯನ್ನು ಮೇ ತಿಂಗಳಲ್ಲಿ ಕಂಡ ಚೆನ್ನೈ ಪಕ್ಕ ಇಟ್ಟು ತೂಗುವವರೂ ಇದ್ದಾರೆ. ಹಾಗೆಂದು ಹೋಲಿಸುವುದೇ ತಪ್ಪು ಎನ್ನಲಾಗದು. ನಮ್ಮ ನಗರಗಳನ್ನು ಸಿಂಗಪುರದ ಜೊತೆ ಹೋಲಿಸುವುದಕ್ಕಿಂತ ಸೂರತ್ ಜೊತೆ ಹೋಲಿಸುವುದು ಎಷ್ಟೋ ಮೇಲು. ಸಿಂಗಪುರದ ಮಾತು ಬಂದರೆ 'ಅವರ ದೇಶ ಬೇರೆ, ಕಾನೂನು ಬೇರೆ, ದುಡ್ಡು ಬೇರೆ' ಎಂದು ಜಾರಿಕೊಳ್ಳಬಹುದು. ಸೂರತ್ತಿಗೆ ಇರುವುದು ನಮ್ಮದೇ ಸಂವಿಧಾನ, ನಮ್ಮದೇ ಐಎಎಸ್ ಅಧಿಕಾರಿಗಳು, ನಮ್ಮದೇ ರೂಪಾಯಿ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಆದರೆ ಆ ಉತ್ತರವನ್ನು ಜನರ ಗುಣದಲ್ಲಿ ಹುಡುಕಿದರೆ ಪ್ರವಾಸದ ಖರ್ಚು ದಂಡ.

ಸೂರತ್ತಿನ ಕಥೆಯನ್ನೇ ನೋಡಿ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಲಕ್ಷಾಂತರ ಜನ ಸಿಕ್ಕ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಆ ಮಳೆಗಾಲದ ನೆರೆ ಇಳಿದ ಮೇಲೆ ಉಳಿದ ಕೆಸರು, ಎತ್ತದ ಕಸ, ಕಟ್ಟಿಕೊಂಡ ಗಟಾರ, ಇದೇ ಆಗ ದೇಶ ಕಂಡ ಸೂರತ್. ಮರುವರ್ಷ ಎಸ್. ಆರ್. ರಾವ್ ಎಂಬ ಅಧಿಕಾರಿ ಪಾಲಿಕೆ ಆಯುಕ್ತರಾಗಿ ಬಂದರು. ನಗರವನ್ನು ವಲಯಗಳಾಗಿ ಹಂಚಿ, ಪ್ರತಿ ವಲಯದ ಮುಖ್ಯಸ್ಥರಿಗೆ ಆಯುಕ್ತರಿಗಿದ್ದ ಅಧಿಕಾರದ ಬಹುಭಾಗವನ್ನು ಕೊಟ್ಟರು. ಹಿರಿಯ ಅಧಿಕಾರಿಗಳು ಬೆಳಗಿನ ಹೊತ್ತು ಕಚೇರಿಯಲ್ಲಿ ಕೂರದೆ ಬೀದಿಯಲ್ಲಿರಬೇಕು, ಕಂಡ ಕೊರತೆಗೆ ಅಲ್ಲೇ ಆದೇಶ ಕೊಡಬೇಕು ಎಂಬ ಪದ್ಧತಿ ಬಂತು. ಪ್ಲೇಗ್ ಬಂದ ಎರಡೇ ವರ್ಷದಲ್ಲಿ, ಪರಂಪರೆ ಉಳಿಸುವ ಕೆಲಸದ ಇಂಟ್ಯಾಕ್ ಸಂಸ್ಥೆ ಸೂರತ್ತನ್ನು ಚಂಡೀಗಢದ ನಂತರದ ಸ್ವಚ್ಛ ನಗರವೆಂದು ಗುರುತಿಸಿತು. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಅದು ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. 1994ಕ್ಕೂ 1996ಕ್ಕೂ ನಡುವೆ ಸೂರತ್ತಿನ ಜನ ಬದಲಾಗಲಿಲ್ಲ. ಬದಲಾದರು ಎಂದೇ ವಾದಿಸುವುದಾದರೂ ಯಾವ ಜನ? ಅಲ್ಲಿನ ಮಗ್ಗಗಳನ್ನು ನಡೆಸುವವರಲ್ಲಿ ಒಡಿಶಾ, ಮಹಾರಾಷ್ಟ್ರ, ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರ ಸಂಖ್ಯೆ ಬಹಳ ದೊಡ್ಡದು. 'ಗುಜರಾತಿಗಳ ಶಿಸ್ತು' ಎಂಬ ವಿವರಣೆ ಆ ವಲಸೆ ಬಂದ ಕೈಗಳ ಮುಂದೆ ನಿಲ್ಲುವುದಿಲ್ಲ.

ಇಷ್ಟು ದೂರ ಹೋಗಲೂ ಬೇಕಿಲ್ಲ, ಹುಬ್ಬಳ್ಳಿ-ಧಾರವಾಡ ಸಾಕು. 2008ರ ಸುಮಾರಿಗೆ ಈ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಡಲು ಶುರುಮಾಡಿದರು. ಬೆಳಗಾವಿ ಮತ್ತು ಕಲಬುರಗಿಯಲ್ಲೂ ಇದೇ ಯೋಜನೆ ನಡೆಯಿತು. ಉಳಿದ ವಾರ್ಡುಗಳಲ್ಲಿ ಹಲವು ದಿನಗಳಿಗೊಮ್ಮೆ ನಳ ಬರುವ ಹಳೆಯ ಪದ್ಧತಿ ಮುಂದುವರಿಯಿತು. ಒಂದೇ ಊರು, ಒಂದೇ ಭಾಷೆ, ನಡುವೆ ಒಂದು ರಸ್ತೆ. ನೀರು ಅಪರೂಪಕ್ಕೆ ಬರುವ ಓಣಿಯಲ್ಲಿ ನಳಕ್ಕೆ ತಿರುಪು ಹಾಕುವುದಿಲ್ಲ, ನೀರು ಬಿಟ್ಟ ಸದ್ದು ಕೇಳಲಿ ಎಂದು ಬಾಯಿ ತೆರೆದೇ ಇರುತ್ತದೆ. ನೀರು ಬಂದ ಕೂಡಲೇ ಡ್ರಮ್ಮಿನಲ್ಲಿ ಉಳಿದ 'ಹಳೆ ನೀರು' ಗಟಾರಕ್ಕೆ ಹೋಗುತ್ತದೆ, ಹೊಸದು ತುಂಬುತ್ತದೆ. ತಾಸುಗಟ್ಟಲೆ ಕೊಡ ಹೊರುವ ಕೆಲಸ ಮನೆಯ ಹೆಂಗಸರದು. ಹೊರಗಿನಿಂದ ಬಂದವರು ಗಟಾರ ಸೇರುವ ನೀರನ್ನು ಕಂಡು 'ಇವರಿಗೆ ನೀರಿನ ಬೆಲೆ ಗೊತ್ತಿಲ್ಲ' ಎನ್ನುತ್ತಾರೆ. ರಸ್ತೆಯಾಚೆ ಸದಾ ನೀರಿರುವ ಮನೆಯಲ್ಲಿ ಕೂಡಿಡುವ ಅಗತ್ಯವೇ ಇಲ್ಲ, ಆದ್ದರಿಂದ ಚೆಲ್ಲುವ ಪ್ರಮೇಯವೂ ಇಲ್ಲ. ಅಲ್ಲಿನ ನೀರು ಹೆಚ್ಚು ಶುದ್ಧವಾಗಿಯೂ ಇರುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಕಾರಣ ಸರಳ: ಪೈಪು ಸದಾ ತುಂಬಿದ್ದರೆ ಒಳಗಿನ ಒತ್ತಡ ಹೊರಗಿನ ಕೊಳಚೆಯನ್ನು ತಡೆಯುತ್ತದೆ, ಬರಿದಾದ ಪೈಪು ಬಿರುಕಿನ ಮೂಲಕ ಗಟಾರದ ನೀರನ್ನೇ ಎಳೆದುಕೊಳ್ಳುತ್ತದೆ. ನಾವು ಜನರ ಅಭ್ಯಾಸ ಎಂದು ಕರೆಯುವುದರಲ್ಲಿ ಎಷ್ಟೋ ಪಾಲು ಆ ಪೈಪಿನ ಅಭ್ಯಾಸ.

ನಗರದ ಮಾತು ಹೀಗಾದರೆ ಪ್ರದೇಶಗಳ ಹೋಲಿಕೆಯಲ್ಲಿ ಇನ್ನೊಂದು ಎಡವಟ್ಟು ಇದೆ. ರಾಜ್ಯವನ್ನೇ ಅಳತೆಗೋಲು ಮಾಡಿಕೊಂಡು 'ಕೇರಳ ನೋಡಿ, ಬಿಹಾರ ನೋಡಿ' ಎನ್ನುತ್ತೇವೆ. 2011ರ ಜನಗಣತಿಯಂತೆ ಕೇರಳದ ಸಾಕ್ಷರತೆ ಶೇ 94, ಬಿಹಾರದ್ದು ಸುಮಾರು ಶೇ 62; ಅಂತರ 32 ಅಂಶ. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕೂ ಹೆಚ್ಚು, ಯಾದಗಿರಿಯದು ಶೇ 52ರ ಆಸುಪಾಸು. ಅಂದರೆ ಕರ್ನಾಟಕದ ಎರಡು ಜಿಲ್ಲೆಗಳ ನಡುವಿನ ಅಂತರ, ಕೇರಳ-ಬಿಹಾರಗಳ ಅಂತರಕ್ಕಿಂತ ದೊಡ್ಡದು. ಕರಾವಳಿಯವರು ಬುದ್ಧಿವಂತರು, ಬಿಸಿಲುನಾಡಿನವರು ಸೋಮಾರಿಗಳು ಎಂದು ಪಿಸುಗುಟ್ಟುವವರು ಇಲ್ಲೂ ಸಿಗುತ್ತಾರೆ. ಅವರು ಇತಿಹಾಸವನ್ನು ಒಮ್ಮೆ ತಿರುವಿ ಹಾಕಬೇಕು. ಯಾದಗಿರಿಯ ಮೇಲೆ ಮುಂಬೈ-ಮದರಾಸು ರೈಲು ಹಾದುಹೋಗಿದ್ದು 1871ರಲ್ಲಿ. ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ. ಸಂಪರ್ಕವೊಂದೇ ಕಾರಣವಾಗಿದ್ದರೆ ಯಾದಗಿರಿಯೇ ಮುಂದಿರಬೇಕಿತ್ತು. ಆದರೆ ಮಂಗಳೂರಿಗೆ 1834ರಲ್ಲೇ ಬಾಸೆಲ್ ಮಿಷನ್ ಬಂದಿತ್ತು, ಮುಂದೆ ಶಾಲೆ ತೆರೆದಿತ್ತು, ಅಚ್ಚುಕೂಟ ಹೂಡಿತ್ತು, ಹಂಚಿನ ಕಾರ್ಖಾನೆ ಕಟ್ಟಿತ್ತು. 1906ರಿಂದ ಒಂದರ ಹಿಂದೊಂದು ಬ್ಯಾಂಕುಗಳು ಆ ನೆಲದಲ್ಲೇ ಹುಟ್ಟಿದವು. ನಿಜಾಮರ ಆಡಳಿತದಲ್ಲಿದ್ದ ಯಾದಗಿರಿಯ ಹುಡುಗನಿಗೆ ಉನ್ನತ ಶಿಕ್ಷಣ ಬೇಕೆಂದರೆ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಬೇಕಿತ್ತು. ಏಕೀಕರಣ 1956ರಲ್ಲಿ ಭೂಪಟವನ್ನು ಒಂದುಮಾಡಿತು, ಶಾಲೆಗಳ ಸಂಖ್ಯೆಯನ್ನಲ್ಲ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗಲೂ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಯಾದಗಿರಿ ಸೇರಿರುವ ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲೇ ಇದ್ದವು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಗಾದರೆ ಸಂಸ್ಕೃತಿಗೆ ಬೆಲೆಯೇ ಇಲ್ಲವೇ? ಮಿಜೋರಾಂನ ಐಜಾಲಿಗೆ ಹೋದವರೆಲ್ಲ ಹೇಳುವ ಮಾತು: ಕಡಿದಾದ ಇಕ್ಕಟ್ಟಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ, ಯಾರೂ ಹಾರ್ನ್ ಹೊಡೆಯುವುದಿಲ್ಲ, ಸಾಲು ಮುರಿದು ನುಗ್ಗುವುದಿಲ್ಲ. ಪೊಲೀಸರ ಭಯವಷ್ಟೇ ಇದಕ್ಕೆ ಕಾರಣ ಎಂದರೆ ಯಾರೂ ಒಪ್ಪಲಾರರು. ನಿಜ, ಇದು ಸಂಸ್ಕೃತಿಯೇ. ಆದರೆ ಅದನ್ನು ಕಾಯುವವರು ಯಾರೆಂದು ನೋಡಬೇಕು. 1935ರಲ್ಲಿ ಹುಟ್ಟಿ ಇಂದು ಯಂಗ್ ಮಿಜೋ ಅಸೋಸಿಯೇಷನ್ ಎಂಬ ಹೆಸರಿನಲ್ಲಿರುವ ಸಂಘಕ್ಕೆ ಓಣಿಗೊಂದು ಶಾಖೆ ಇದೆ. ಯಾರದೋ ಮನೆಯಲ್ಲಿ ಸಾವಾದರೆ ಗುಂಡಿ ತೋಡುವುದರಿಂದ ಹಿಡಿದು ಬೀದಿ ಗುಡಿಸುವವರೆಗೆ ಅದರ ಯುವಕರು ಮುಂದೆ ಬರುತ್ತಾರೆ. ಬರದವನು ನೆರೆಯವರ ಕಣ್ಣಿಗೆ ಬೀಳುತ್ತಾನೆ. 2011ರಲ್ಲಿ ಮೂರು ಲಕ್ಷದೊಳಗಿದ್ದ ಊರಿನಲ್ಲಿ ಇದು ಸಾಧ್ಯ. ನಿತ್ಯ ಹೊಸಬರು ಬಂದಿಳಿಯುವ, 2011ರಲ್ಲೇ 84 ಲಕ್ಷ ದಾಟಿದ್ದ ಬೆಂಗಳೂರಿನಲ್ಲಿ ಮೇಲಿನ ಮಹಡಿಯವರ ಹೆಸರೇ ಗೊತ್ತಿರುವುದಿಲ್ಲ, ಇನ್ನು ನಾಚಿಕೆ ಯಾರ ಮುಂದೆ? ಸಂಸ್ಕೃತಿ ಇದೆ ಎಂದು ಒಪ್ಪೋಣ, ಅದು ರಕ್ತದಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಒಪ್ಪಲಾಗದು. ದಿಲ್ಲಿಯ ಮೆಟ್ರೊ ಬೋಗಿಯಲ್ಲಿ ಉಗುಳದ ಮನುಷ್ಯ ನಿಲ್ದಾಣದಿಂದ ಹೊರಬಿದ್ದು ಗೋಡೆಗೆ ಉಗುಳುತ್ತಾನೆ. ನಿಲ್ದಾಣದ ಮೆಟ್ಟಿಲ ಮೇಲೆ ಅವನ ರಕ್ತವೇನೂ ಬದಲಾಗಿರುವುದಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಚುರುಕಾದದ್ದು: ವ್ಯವಸ್ಥೆಯನ್ನು ಕಟ್ಟುವವರೂ ಜನರೇ ಅಲ್ಲವೇ, ಮತ ಹಾಕಿದವರು ಯಾರು? ಸರಿ. ಆದರೆ ಮತ ಹಾಕಿದವನ ಕೈಗೆ ಊರು ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬೆಂಗಳೂರಿನಲ್ಲಿ ನೀರಿಗೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿ, ಬಡಾವಣೆಗೆ 1976ರ ಬಿಡಿಎ, ರಸ್ತೆಗೆ ಪಾಲಿಕೆ, ಬಸ್ಸಿಗೆ ಇನ್ನೊಂದು ನಿಗಮ, ಎಲ್ಲದರ ಮೇಲೆ ರಾಜ್ಯ ಸರ್ಕಾರ. ಪಾಲಿಕೆ ಡಾಂಬರು ಹಾಕಿದ ರಸ್ತೆಯನ್ನು ಜಲಮಂಡಳಿ ಅಗೆದರೆ ಬೈಯಬೇಕಾದದ್ದು ಯಾರನ್ನು? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಹಾಗೆಂದು ಚುನಾಯಿತ ಪರಿಷತ್ತು ಇದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಇಂದೋರಿನಲ್ಲೂ 2022ಕ್ಕೆ ಮೊದಲು ಎರಡು ವರ್ಷ ಪರಿಷತ್ತು ಇರಲಿಲ್ಲ, ಆದರೂ ಸ್ವಚ್ಛತೆಯಲ್ಲಿ ಅದರ ಮೊದಲ ಸ್ಥಾನ ಕದಲಲಿಲ್ಲ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಇಂದೋರು, ಸೂರತ್ತುಗಳಲ್ಲಿ ಕಸ, ನೀರು, ಒಳಚರಂಡಿ ಮೂರೂ ಒಂದೇ ಪಾಲಿಕೆಯ ಕೈಯಲ್ಲಿವೆ. ತಪ್ಪಿದರೆ ತೋರಿಸಲು ಬೇರೆ ಕಚೇರಿ ಇಲ್ಲ.

ಭೂಗೋಳದ ಪಾಲನ್ನೂ ಮರೆಯಬಾರದು. ಸೂರತ್ತಿನ ಮಗ್ಗುಲಲ್ಲೇ ತಾಪಿ ಹರಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಹಚ್ಚಿ ಮೇಲೆತ್ತಬೇಕು. ಈ ಎರಡು ಊರುಗಳ ನೀರಿನ ಬಿಲ್ಲನ್ನು ಅಕ್ಕಪಕ್ಕ ಇಟ್ಟು ಒಂದನ್ನು ಜಾಣ, ಇನ್ನೊಂದನ್ನು ದಡ್ಡ ಎನ್ನುವುದು ಅನ್ಯಾಯ. ಆದರೆ ಅಗೆದ ರಸ್ತೆಯನ್ನು ಮುಚ್ಚದೆ ಬಿಡುವುದಕ್ಕೂ ಎತ್ತರಕ್ಕೂ ಸಂಬಂಧವಿಲ್ಲ.

ಮುಂದಿನ ಸಲ ಬೇರೆ ಊರಿಗೆ ಹೋದಾಗ ಕೋಟೆ, ಗುಡಿ, ತಿಂಡಿಯ ಜೊತೆಗೆ ಲಾಡ್ಜಿನ ಹುಡುಗನನ್ನೋ ಚಹದ ಅಂಗಡಿಯವರನ್ನೋ ಮಾತಿಗೆಳೆಯಿರಿ. ನಿಮ್ಮ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕಸದ ಗಾಡಿ ಎಷ್ಟು ಹೊತ್ತಿಗೆ, ಬಾರದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಂಡು ಬಂದು ನಿಮ್ಮ ವಾರ್ಡಿನ ಎಂಜಿನಿಯರ್ ಮುಂದೆ ಅದೇ ಮೂರು ಪ್ರಶ್ನೆ ಇಡಿ.